ಹತ್ತು, ಐದು, ಮೂರೂವರೆ: ಮಕ್ಕಳ ರಕ್ತದ ಸೀಸಕ್ಕೆ ಗೆರೆ ಎಳೆಯುವವರು ಯಾರು?

(ನಮ್ಮ ಊರಿನ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಈ ಹಾಳೆಗೆ ಹದಿನೈದು ವರ್ಷಕ್ಕಿಂತ ಜಾಸ್ತಿ ವಯಸ್ಸು. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿದೆ, ಆದರೂ ಓದಬಹುದು. ಮೇಲೆ ನನ್ನ ಮಗನ ಹೆಸರು, 2010ರ ಒಂದು ತಾರೀಖು. ಅದರ ಕೆಳಗೆ ರಕ್ತದಲ್ಲಿರುವ ಸೀಸದ ಪ್ರಮಾಣ: 7. ಪಕ್ಕದ ಕಾಲಂನಲ್ಲಿ, ಎಷ್ಟಿದ್ದರೆ ಪರವಾಗಿಲ್ಲ ಅನ್ನುವ ಸಂಖ್ಯೆ: 10ಕ್ಕಿಂತ ಕಡಿಮೆ.

ನಾವಾಗ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಹಳೆಯ ಊರಲ್ಲಿದ್ದೆವು. ಆ ರಾಜ್ಯದಲ್ಲಿ ಒಂದು ಕಾನೂನಿದೆ. ಮಗುವಿಗೆ ಒಂದು ವರ್ಷವಾದಾಗ ಒಂದು ಸಲ, ಎರಡು ವರ್ಷವಾದಾಗ ಇನ್ನೊಂದು ಸಲ ಸೀಸದ ಪರೀಕ್ಷೆ ಮಾಡಲೇಬೇಕು. ನರ್ಸ್ ಬಂದು ಮಗನ ಬೆರಳು ಚುಚ್ಚಿ ಎರಡು ಹನಿ ರಕ್ತ ತೆಗೆದುಕೊಂಡರು. ಅವನು ಅತ್ತ, ನಾನೂ ಕಣ್ಣು ಒರೆಸಿಕೊಂಡೆ. ರಿಪೋರ್ಟ್ ಬಂದ ಮೇಲೆ ಡಾಕ್ಟರ್ ಹೇಳಿದ್ದು ಒಂದೇ ಮಾತು: "ಹತ್ತರ ಒಳಗಿದೆ, ಚಿಂತೆ ಬೇಡ." ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ "ಎಲ್ಲ ಸರಿಯಾಗಿದೆಯಂತೆ" ಅಂದೆ. ಮಾರನೇ ವರ್ಷ 6 ಬಂತು. ಆಗಲೂ ಅದೇ ಮಾತು.

2012ರ ಮೇ ತಿಂಗಳಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಓದಿದೆ. ಇನ್ನು ಮುಂದೆ ಹತ್ತು ಅಲ್ಲ, ಐದು. ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಮಗುವಿನ ಮನೆಯಲ್ಲಿ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ನಾನು ಎದ್ದು ಹೋಗಿ ಕಪಾಟಿನಿಂದ ಈ ಹಾಳೆ ತೆಗೆದೆ. ಮಗನ ರಕ್ತದಲ್ಲಿ ಏನೂ ಬದಲಾಗಿರಲಿಲ್ಲ. ಗೆರೆ ಬದಲಾಗಿತ್ತು. ಹತ್ತು ಅಂತ ಹೇಳಿದವರು ಯಾರು? ಐದು ಅಂತ ಹೇಳಿದವರು ಯಾರು? ಅವತ್ತು ಹುಡುಕಲು ಶುರು ಮಾಡಿದೆ, ಇವತ್ತಿಗೂ ಬಿಟ್ಟಿಲ್ಲ. ನಾನು ಡಾಕ್ಟರ್ ಅಲ್ಲ, ಕೆಮಿಸ್ಟ್ರಿ ಟೀಚರ್. ನನಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸೀಸದ ಬಗ್ಗೆ ನಾಲ್ಕು ಮಾತು. ಪೆನ್ಸಿಲಿಗೆ ನಾವು ಸೀಸದಕಡ್ಡಿ ಅನ್ನುತ್ತೇವೆ, ಆದರೆ ಅದರಲ್ಲಿ ಸೀಸ ಇಲ್ಲ, ಇರುವುದು ಗ್ರಾಫೈಟ್. ಮಕ್ಕಳು ಪೆನ್ಸಿಲ್ ಕಚ್ಚಿದರು ಅಂತ ಹೆದರಬೇಡಿ. ನಿಜವಾದ ಸೀಸ ಬಂದಿದ್ದು ಹಳೆಯ ಬಣ್ಣದಿಂದ, ಪೆಟ್ರೋಲಿನಿಂದ, ನೀರಿನ ಪೈಪಿನಿಂದ, ಬ್ಯಾಟರಿಯಿಂದ. ನಮ್ಮ ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಆದರೆ ದೇಹ ಅದನ್ನು ಕ್ಯಾಲ್ಸಿಯಂ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಮೂಳೆಯೊಳಗೆ ಸೇರಿ ಹತ್ತಾರು ವರ್ಷ ಕೂತಿರುತ್ತದೆ. ತಾಯಿ ಬಸುರಿಯಾದಾಗ ಮೂಳೆಯಿಂದ ಹೊರಬಂದು ಹೊಟ್ಟೆಯಲ್ಲಿರುವ ಕೂಸನ್ನೂ ತಲುಪುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದರಿಂದ ಆಗುವ ಏಟು ದೊಡ್ಡದು. ದೊಡ್ಡವರು ನುಂಗಿದ ಸೀಸದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ರಕ್ತಹೀನತೆ ಇದ್ದರೆ ಇನ್ನೂ ಜಾಸ್ತಿ.

ಏಳು ಅಂದರೆ ಏಳು ಏನು? ಒಂದು ಡೆಸಿಲೀಟರ್, ಅಂದರೆ ನೂರು ಮಿಲಿ ರಕ್ತದಲ್ಲಿ ಏಳು ಮೈಕ್ರೋಗ್ರಾಂ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಒಂದು ವರ್ಷದ ಮಗುವಿನ ಮೈಯಲ್ಲಿ ಇರುವುದೇ ಮುಕ್ಕಾಲು ಲೀಟರ್ ಚಿಲ್ಲರೆ ರಕ್ತ. ಅಷ್ಟೂ ರಕ್ತದಲ್ಲಿದ್ದ ಸೀಸವನ್ನೆಲ್ಲ ಒಟ್ಟು ಮಾಡಿದರೂ ಒಂದು ಸಕ್ಕರೆ ಹರಳಿನ ತೂಕ ಬರುವುದಿಲ್ಲ. ಇಷ್ಟು ಚಿಕ್ಕದನ್ನು ಕಣ್ಣಿಂದ ಕಾಣಲಾಗದು, ಮಗುವಿನ ಮುಖ ನೋಡಿ ಹೇಳಲೂ ಆಗದು. ಹಾಗಾಗಿ ನಾವು ಒಂದು ಸಂಖ್ಯೆಯನ್ನು ನಂಬಬೇಕಾಗುತ್ತದೆ. ಸಂಖ್ಯೆಯನ್ನು ನಂಬಬೇಕಾದರೆ ಅದನ್ನು ಕೊಟ್ಟವರನ್ನು ನಂಬಬೇಕು.

ನಮ್ಮ ಮನೆಯಲ್ಲಿ ಸೀಸ ಎಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು. ಮರದ ಕಿಟಕಿ. ಮೇಲಕ್ಕೆತ್ತಿ ಕೆಳಗಿಳಿಸುವಂಥದ್ದು. ಅಲ್ಲಿನ ಹಳೆಯ ಮನೆಗಳಲ್ಲೆಲ್ಲ ಅದೇ. ಒಂದೊಂದು ಸಲ ಎತ್ತಿ ಇಳಿಸಿದಾಗಲೂ ಮರಕ್ಕೆ ಮರ ಉಜ್ಜಿ, ಅಡಿಯಲ್ಲಿದ್ದ ಹಳೆಯ ಬಣ್ಣ ಪುಡಿಯಾಗಿ ಕಟ್ಟೆಯ ಮೇಲೆ ಉದುರುತ್ತಿತ್ತು. ಬಿಳಿ ಹಿಟ್ಟಿನ ಹಾಗೆ. ನಾನು ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ, ಅಂದರೆ ಗಾಳಿಗೆ ಹಾರಿಸುತ್ತಿದ್ದೆ. ಮಗ ಆಗಷ್ಟೇ ನಿಲ್ಲಲು ಕಲಿತಿದ್ದ. ಹಿಮ ಬೀಳುವುದನ್ನು ನೋಡಲು ಆ ಕಟ್ಟೆ ಹಿಡಿದು ನಿಲ್ಲುತ್ತಿದ್ದ. ಬಾಯಿ ಸರಿಯಾಗಿ ಕಟ್ಟೆಯ ಎತ್ತರಕ್ಕೆ ಬರುತ್ತಿತ್ತು. ಹಲ್ಲು ಬರುವ ಕಾಲ. ಕಟ್ಟೆಯ ಅಂಚಿನಲ್ಲಿ ಅವನ ಪುಟ್ಟ ಹಲ್ಲಿನ ಗುರುತು ಇತ್ತು. ಅದನ್ನು ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದೆ, ಎಷ್ಟು ಮುದ್ದಾಗಿದೆ ನೋಡು ಅಂತ.

ಅಮೆರಿಕದಲ್ಲಿ ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹಾಕುವುದನ್ನು ನಿಲ್ಲಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯನ್ನು ಬಾಡಿಗೆಗೆ ಕೊಡುವಾಗ ಮಾಲೀಕರು ಒಂದು ಪುಸ್ತಿಕೆ ಕೊಟ್ಟು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳಬೇಕು. ನಾವೂ ಹಾಕಿದ್ದೆವು, ಹತ್ತು ಹನ್ನೆರಡು ಕಾಗದಗಳ ಮಧ್ಯೆ.

ಈಗ ಗೆರೆಯ ವಿಷಯಕ್ಕೆ ಬರುತ್ತೇನೆ. 1960ರ ದಶಕದಲ್ಲಿ ಆ ಗೆರೆ 60ರಲ್ಲಿತ್ತು. ಆಮೇಲೆ 40. 1975ರಲ್ಲಿ 30. 1985ರಲ್ಲಿ 25. 1991ರಲ್ಲಿ 10. 2012ರಲ್ಲಿ 5. 2021ರಲ್ಲಿ 3.5. ಒಂದೊಂದು ಸಲ ಗೆರೆ ಇಳಿದಾಗಲೂ, ಅದುವರೆಗೆ "ಚಿಂತೆ ಬೇಡ" ಅನ್ನಿಸಿಕೊಂಡಿದ್ದ ಲಕ್ಷಗಟ್ಟಲೆ ಮಕ್ಕಳು ಗೆರೆಯ ಮೇಲೆ ಕಾಣಿಸಿಕೊಂಡರು. ಇವತ್ತು ವಿಜ್ಞಾನ ಹೇಳುವುದು, ಇಷ್ಟು ಸೀಸ ಇದ್ದರೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಅಂತ.

ಈ ಗೆರೆ ಎಳೆಯುವಾಗ ಸರ್ಕಾರ ಸುಮ್ನೆ ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡುವುದಿಲ್ಲ. ಹೊರಗಿನ ತಜ್ಞರ ಒಂದು ಸಮಿತಿಯನ್ನು ಕೇಳುತ್ತದೆ. ಸಮಿತಿಗೆ ಆಜ್ಞೆ ಮಾಡುವ ಅಧಿಕಾರ ಇಲ್ಲ, ಸಲಹೆ ಮಾತ್ರ. ಹಾಗಂತ ಅದನ್ನು ಲಘುವಾಗಿ ನೋಡಬೇಡಿ. ಇದರ ಕಥೆ ನೂರು ವರ್ಷ ಹಿಂದಿನಿಂದ ಶುರುವಾಗುತ್ತದೆ.

1924ರ ಅಕ್ಟೋಬರ್. ನ್ಯೂಜೆರ್ಸಿಯ ಬೇವೇ ಅನ್ನುವ ಕಡೆ, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ರಿಫೈನರಿ. ಎಂಜಿನ್ ಬಡಿದುಕೊಳ್ಳದ ಹಾಗೆ ಪೆಟ್ರೋಲಿಗೆ ಬೆರೆಸುವ ಸೀಸದ ದ್ರವವನ್ನು ಅಲ್ಲಿ ತಯಾರಿಸುತ್ತಿದ್ದರು. ಕೆಲಸಗಾರರಿಗೆ ಇದ್ದಕ್ಕಿದ್ದಂತೆ ಭ್ರಮೆ ಹಿಡಿಯಿತು. ಇಲ್ಲದ್ದನ್ನು ಕಂಡು ಕೂಗಾಡಿದರು. ಐದು ಜನ ಸತ್ತರು. ಪೇಪರುಗಳಲ್ಲಿ ದೊಡ್ಡ ಗದ್ದಲವಾಯಿತು. 1925ರ ಮೇ 20ರಂದು ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಹ್ಯೂ ಕಮಿಂಗ್ ವಾಷಿಂಗ್ಟನ್ನಿನಲ್ಲಿ ಒಂದು ಸಭೆ ಕರೆದರು. ಕಂಪನಿಯವರೂ ಬಂದರು, ವಿಜ್ಞಾನಿಗಳೂ ಬಂದರು. ಕಾರ್ಖಾನೆ ಕಾರ್ಮಿಕರ ಕಾಯಿಲೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದ ಡಾ. ಆಲಿಸ್ ಹ್ಯಾಮಿಲ್ಟನ್ ಅಲ್ಲಿದ್ದರು. ಸೀಸ ಇದ್ದ ಕಡೆ ವಿಷ ಬಂದೇ ಬರುತ್ತದೆ ಅನ್ನುವುದು ಅವರ ಅನುಭವ. ಕಂಪನಿಯ ಕಡೆಯ ಒಬ್ಬರು ಈ ದ್ರವವನ್ನು ದೇವರು ಕೊಟ್ಟ ವರ ಅಂತ ಕರೆದರು.

ಕಡೆಗೆ ಒಂದು ತಜ್ಞರ ಸಮಿತಿ ನೇಮಕವಾಯಿತು. ಅವರಿಗಿದ್ದ ಕಾಲಾವಕಾಶ ಏಳೇ ತಿಂಗಳು. ಒಹಾಯೋದಲ್ಲಿ 252 ಜನರನ್ನು ಪರೀಕ್ಷಿಸಿದರು, ಡ್ರೈವರುಗಳು ಮತ್ತು ಗ್ಯಾರೇಜಿನ ಕೆಲಸಗಾರರು. 1926ರ ಜನವರಿಯಲ್ಲಿ ವರದಿ ಬಂತು. ಸದ್ಯಕ್ಕೆ ಇದನ್ನು ನಿಷೇಧಿಸಲು ಸಾಕಷ್ಟು ಕಾರಣ ಇಲ್ಲ ಅಂದರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಜಾಸ್ತಿ ಕಾಲ ಕಳೆದ ಮೇಲೆ ತೊಂದರೆ ಕಾಣಿಸಬಹುದು, ಸರ್ಕಾರವೇ ದುಡ್ಡು ಹಾಕಿ ಪರೀಕ್ಷೆ ಮುಂದುವರಿಸಬೇಕು ಅಂತ. ಮೊದಲನೇ ಮಾತನ್ನು ಎಲ್ಲರೂ ಹಿಡಿದುಕೊಂಡರು. ಎರಡನೆಯದನ್ನು ಯಾರೂ ಮುಟ್ಟಲಿಲ್ಲ. ಮುಂದಿನ ನಾಲ್ಕು ದಶಕ ಸೀಸದ ಬಗ್ಗೆ ಹೆಚ್ಚಿನ ಸಂಶೋಧನೆ ನಡೆದದ್ದು ಸೀಸ ಮಾರುವವರ ದುಡ್ಡಿನಲ್ಲೇ. ರಾಬರ್ಟ್ ಕಿಹೋ ಅನ್ನುವ ವೈದ್ಯರು ಅದರ ಮುಂದಾಳು. ಆ ಸಮಿತಿಯವರನ್ನು ನಾನು ಕೆಟ್ಟವರು ಅನ್ನಲಾರೆ, ಅವರು ಎಚ್ಚರಿಸಿಯೇ ಹೋಗಿದ್ದರು. ಆದರೆ ಅವರ ಮಾತು ನಡೆಯಿತೋ ಇಲ್ಲವೋ ಅಂತ ನೋಡಿಕೊಳ್ಳಲು ಯಾರೂ ಇರಲಿಲ್ಲ. ಸಮಿತಿ ಎದ್ದು ಹೋಗಿತ್ತು.

ಕ್ಲೇರ್ ಪ್ಯಾಟರ್ಸನ್ ಹೆಸರನ್ನು ಇಲ್ಲಿನ ವಿಜ್ಞಾನ ವಿದ್ಯಾರ್ಥಿಗಳು ಕೇಳಿರಬಹುದು. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಅಂತ ಲೆಕ್ಕ ಹಾಕಿದವರು. ಆ ಲೆಕ್ಕಕ್ಕೆ ಕಲ್ಲಿನಲ್ಲಿರುವ ಸೀಸವನ್ನು ಅಳೆಯಬೇಕಿತ್ತು. ಅಳೆಯಲು ಹೋದರೆ ಗಾಳಿಯಲ್ಲಿ, ನೆಲದಲ್ಲಿ, ಬಟ್ಟೆಯಲ್ಲಿ, ಎಲ್ಲೆಲ್ಲೂ ಸೀಸ. ಇದು ಪ್ರಕೃತಿಯದ್ದಲ್ಲ, ಮನುಷ್ಯರು ಚೆಲ್ಲಿದ್ದು ಅಂತ 1965ರಲ್ಲಿ ಅವರು ಬರೆದರು. 1971ರಲ್ಲಿ ಗಾಳಿಯಲ್ಲಿರುವ ಸೀಸದ ಬಗ್ಗೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಒಂದು ಸಮಿತಿ ಮಾಡಿತು. ಅದರಲ್ಲಿ ಪ್ಯಾಟರ್ಸನ್ ಹೆಸರು ಇರಲಿಲ್ಲ. ಆ ವಿಷಯದಲ್ಲಿ ಅವರಿಗಿಂತ ಹೆಚ್ಚು ಬಲ್ಲವರು ಯಾರಿದ್ದರು ಹೇಳಿ?

ಇನ್ನು 2002. ಇದು ನನ್ನ ಮನೆಯ ಕಥೆಗೆ ನೇರವಾಗಿ ಸೇರುತ್ತದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರಕ್ಕೆ, ಎಲ್ಲರೂ ಸಿಡಿಸಿ ಅನ್ನುತ್ತಾರೆ, ಮಕ್ಕಳಲ್ಲಿ ಸೀಸದ ವಿಷ ತಡೆಯುವುದಕ್ಕೆಂದೇ ಒಂದು ಸಲಹಾ ಸಮಿತಿ ಇತ್ತು. ಹತ್ತು ಅನ್ನುವ ಗೆರೆಯನ್ನು ಇನ್ನೂ ಇಳಿಸಬೇಕಾ ಅನ್ನುವ ಚರ್ಚೆ ಆಗ ಅಲ್ಲಿ ಎದ್ದಿತ್ತು. ಸಿಡಿಸಿಯ ಅಧಿಕಾರಿಗಳು ಹೊಸ ಸದಸ್ಯರ ಹೆಸರು ಕಳಿಸಿದರು. ಮಕ್ಕಳ ಸೀಸದ ಬಗ್ಗೆ ದೊಡ್ಡ ಕೆಲಸ ಮಾಡಿದ್ದ ಬ್ರೂಸ್ ಲ್ಯಾನ್‌ಫಿಯರ್ ಅದರಲ್ಲಿದ್ದರು. ಆರೋಗ್ಯ ಮಂತ್ರಿ ಟಾಮಿ ಥಾಂಪ್ಸನ್ ಅವರ ಇಲಾಖೆ ಆ ಹೆಸರನ್ನು ಒಪ್ಪಲಿಲ್ಲ. ಬೇರೆ ಹೆಸರುಗಳು ಬಂದವು. ಅವರಲ್ಲಿ ಒಬ್ಬರು, ರೋಡ್ ಐಲೆಂಡ್ ರಾಜ್ಯ ಬಣ್ಣದ ಕಂಪನಿಗಳ ಮೇಲೆ ಹಾಕಿದ್ದ ಕೇಸಿನಲ್ಲಿ ಕಂಪನಿಗಳ ಪರ ತಜ್ಞರಾಗಿದ್ದವರು. ಸಂಸತ್ತಿನ ಸದಸ್ಯ ಎಡ್ವರ್ಡ್ ಮಾರ್ಕಿ ಇದನ್ನೆಲ್ಲ ಒಂದು ವರದಿಯಲ್ಲಿ ಹೊರಹಾಕಿದರು. ಅಮೆರಿಕದಲ್ಲಿ ಸಲಹಾ ಸಮಿತಿಗಳಿಗೆ 1972ರಿಂದ ಒಂದು ಕಾನೂನೇ ಇದೆ. ಸದಸ್ಯರ ನಡುವೆ ಸಮತೋಲನ ಇರಬೇಕು, ಸಭೆಗಳು ಜನರಿಗೆ ತೆರೆದಿರಬೇಕು ಅಂತ. ಆ ಕಾನೂನು ಇದ್ದದ್ದಕ್ಕೇ ಈ ವಿಷಯ ಬೆಳಕಿಗೆ ಬಂತು ಅಂತ ನನಗನ್ನಿಸುತ್ತದೆ. ಹೆಸರುಗಳ ಬದಲಾವಣೆಯನ್ನು ಮಾತ್ರ ಅದು ತಡೆಯಲಿಲ್ಲ.

ಮಾರನೇ ವರ್ಷ, 2003ರಲ್ಲಿ, ಅದೇ ಲ್ಯಾನ್‌ಫಿಯರ್ ಮತ್ತು ಅವರ ಜೊತೆಗಾರರ ಒಂದು ಅಧ್ಯಯನ ಪ್ರಕಟವಾಯಿತು. ರಾಚೆಸ್ಟರ್ ನಗರದ 172 ಮಕ್ಕಳನ್ನು ಆರು ತಿಂಗಳ ಕೂಸಿನಿಂದ ಐದು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ. ಸೀಸ 1ರಿಂದ 10ಕ್ಕೆ ಏರುವಷ್ಟರಲ್ಲಿ ಐಕ್ಯೂ ಸರಾಸರಿ 7.4 ಅಂಕ ಇಳಿದಿತ್ತು. ಸೀಸ ಒಂದೊಂದು ಏರಿದಾಗ ಆಗುವ ನಷ್ಟ, ಹತ್ತು ದಾಟಿದ ಮೇಲಿಗಿಂತ ಹತ್ತರೊಳಗೇ ಜಾಸ್ತಿಯಿತ್ತು. ನಾವಿದ್ದ ಊರಿಂದ ರಾಚೆಸ್ಟರಿಗೆ ಕಾರಿನಲ್ಲಿ ಒಂದೂವರೆ ಗಂಟೆ ದಾರಿ.

ಆದರೂ 2005ರಲ್ಲಿ ಸಿಡಿಸಿ ಹತ್ತನ್ನೇ ಉಳಿಸಿಕೊಂಡಿತು. ಹತ್ತರೊಳಗೂ ತೊಂದರೆ ಇದೆ ಅಂತ ಒಪ್ಪಿಕೊಂಡೇ ಉಳಿಸಿಕೊಂಡಿತು. ಕೊಟ್ಟ ಕಾರಣ: ಅಷ್ಟು ಕಡಿಮೆ ಇರುವಾಗ ಅದನ್ನು ಇನ್ನೂ ಇಳಿಸುವ ಖಚಿತ ದಾರಿ ಇಲ್ಲ, ಲ್ಯಾಬಿನ ಅಳತೆಯಲ್ಲೂ ಹೆಚ್ಚುಕಡಿಮೆ ಆಗುತ್ತದೆ. ಇವು ಸುಳ್ಳು ಕಾರಣಗಳಲ್ಲ. 2002ರಲ್ಲಿ ಹೆಸರುಗಳು ಬದಲಾಗದೇ ಇದ್ದಿದ್ದರೆ ಗೆರೆ ಇಳಿದೇ ಬಿಡುತ್ತಿತ್ತು ಅಂತ ನಾನು ಎದೆ ತಟ್ಟಿ ಹೇಳಲಾರೆ. ಆದರೆ 2010ರಲ್ಲಿ ಡಾಕ್ಟರ್ ನನಗೆ "ಚಿಂತೆ ಬೇಡ" ಅಂದಾಗ ಆ ಮಾತಿನ ಹಿಂದೆ ಇಷ್ಟೆಲ್ಲ ಇತ್ತು. ಅವರ ತಪ್ಪೂ ಅಲ್ಲ ಅದು. ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಹತ್ತು ಅಂತಲೇ ಇತ್ತು. ನನಗೆ ಹೊಟ್ಟೆ ಉರಿಯುವುದು ಒಂದೇ ವಿಷಯಕ್ಕೆ. ಅವತ್ತು ಯಾರಾದರೂ "ಕಿಟಕಿ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಮ್ಮ, ಮಗುವಿನ ಕೈ ಆಗಾಗ ತೊಳಿ" ಅಂದಿದ್ದರೆ ಸಾಕಿತ್ತು. ಅಷ್ಟನ್ನು ಹೇಳಲು ಯಾವ ಕಾಸೂ ಖರ್ಚಾಗುತ್ತಿರಲಿಲ್ಲ, ಅಲ್ವಾ?

2012ರಲ್ಲಿ ಅದೇ ಸಲಹಾ ಸಮಿತಿ, ಆಗ ಅದರಲ್ಲಿ ಬೇರೆ ಸದಸ್ಯರಿದ್ದರು, ಗೆರೆ ಎಳೆಯುವ ಕ್ರಮವನ್ನೇ ಬದಲಿಸಿತು. ಹತ್ತಕ್ಕೆ ಇಟ್ಟಿದ್ದ "ಕಳವಳದ ಮಟ್ಟ" ಅನ್ನುವ ಹೆಸರೇ ಬೇಡ, ಅದರ ಕೆಳಗಿದ್ದರೆ ಕಳವಳ ಬೇಡ ಅಂತ ಜನ ತಿಳಿಯುತ್ತಾರೆ ಅಂದಿತು. ಅದರ ಬದಲು ದೇಶದ ಮಕ್ಕಳ ರಕ್ತದ ಸಮೀಕ್ಷೆ ತಗೊಳ್ಳಿ, ಸಾವಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಅತಿ ಹೆಚ್ಚು ಸೀಸ ಇರುವ 25 ಮಕ್ಕಳು ಎಲ್ಲಿಂದ ಶುರುವಾಗುತ್ತಾರೋ ಅಲ್ಲಿ ಗೆರೆ ಎಳೆಯಿರಿ. ಆಗ ಅದು ಐದಕ್ಕೆ ಬಂತು. ಮಕ್ಕಳ ರಕ್ತ ಶುದ್ಧವಾಗುತ್ತಾ ಹೋದ ಹಾಗೆ ಗೆರೆಯೂ ಕೆಳಗಿಳಿಯುತ್ತದೆ. ನನಗೆ ತುಂಬ ಇಷ್ಟವಾದ ಯೋಚನೆ ಇದು.

ಆದರೆ ಅದೇ ವರ್ಷ ಸಂಸತ್ತು ಸಿಡಿಸಿಯ ಸೀಸದ ಕಾರ್ಯಕ್ರಮದ ಹಣವನ್ನು ಸುಮಾರು 2.9 ಕೋಟಿ ಡಾಲರಿನಿಂದ 20 ಲಕ್ಷ ಡಾಲರಿಗೆ ಇಳಿಸಿತು. ಮಾರನೇ ವರ್ಷ, 2013ರಲ್ಲಿ, ಸಮಿತಿಯ ಅವಧಿ ಮುಗಿಯಿತು. ಯಾರೂ ಅದನ್ನು ಮುಂದುವರಿಸಲಿಲ್ಲ.

2014ರ ಏಪ್ರಿಲಿನಲ್ಲಿ ಮಿಶಿಗನ್ ರಾಜ್ಯದ ಫ್ಲಿಂಟ್ ನಗರ, ದುಡ್ಡು ಉಳಿಸಲು ಕುಡಿಯುವ ನೀರನ್ನು ಡೆಟ್ರಾಯಿಟ್ ಬದಲು ಫ್ಲಿಂಟ್ ನದಿಯಿಂದ ತೆಗೆದುಕೊಳ್ಳಲು ಶುರು ಮಾಡಿತು. ಪೈಪಿನ ಒಳಗೋಡೆ ಸವೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೆಯ ಪೈಪುಗಳ ಸೀಸ ನಲ್ಲಿಯಲ್ಲಿ ಬಂತು. ಜನ ಕಂದು ಬಣ್ಣದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಕಚೇರಿ ಕಚೇರಿ ಅಲೆದರು. ಅಲ್ಲಿನ ಮಕ್ಕಳ ಡಾಕ್ಟರ್ ಮೋನಾ ಹನ್ನಾ-ಅಟಿಶಾ ತಮ್ಮ ಆಸ್ಪತ್ರೆಯ ದಾಖಲೆಗಳನ್ನು ತೆಗೆದು ಲೆಕ್ಕ ಹಾಕಿ, 2015ರ ಸೆಪ್ಟೆಂಬರಿನಲ್ಲಿ ಜನರ ಮುಂದಿಟ್ಟರು. ನೀರು ಬದಲಾಗುವ ಮುಂಚೆ ನೂರಕ್ಕೆ 2.4 ಮಕ್ಕಳಲ್ಲಿ ಸೀಸ ಹೆಚ್ಚಿತ್ತು. ಆಮೇಲೆ ನೂರಕ್ಕೆ 4.9. ರಾಜ್ಯದ ಅಧಿಕಾರಿಗಳು ಮೊದಲು ತಳ್ಳಿಹಾಕಿದರು, ಸ್ವಲ್ಪ ದಿನದಲ್ಲೇ ಒಪ್ಪಿಕೊಂಡರು. ಈಗ ಒಂದು ವಿಷಯ ಗಮನಿಸಿ. ಆ ಡಾಕ್ಟರ್ "ಹೆಚ್ಚು" ಅಂತ ಎಣಿಸಿದ್ದು ಐದು ಮತ್ತು ಅದರ ಮೇಲಿನದನ್ನು. 2012ರಲ್ಲಿ ಆ ಸಮಿತಿ ಎಳೆದುಕೊಟ್ಟು ಹೋದ ಗೆರೆ ಅದು. ಹತ್ತೇ ಇದ್ದಿದ್ದರೆ ಆರು, ಏಳು, ಎಂಟು ಇದ್ದ ಮಕ್ಕಳು ಯಾರೂ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ನನ್ನ ಮಗ ಎರಡು ವರ್ಷ ಯಾರ ಲೆಕ್ಕಕ್ಕೂ ಬರದೇ ಇದ್ದ ಹಾಗೆ.

ಫ್ಲಿಂಟ್ ಆದ ಮೇಲೆ ಅಮೆರಿಕಕ್ಕೆ ಸಮಿತಿ ಮತ್ತೆ ನೆನಪಾಯಿತು. 2016ರ ಕೊನೆಗೆ ಕಾನೂನು ಮಾಡಿ ಹೊಸ ಸಮಿತಿಗೆ ಜಾಗ ಮಾಡಿದರು. ಅದು ಮೊದಲ ಸಲ ಸಭೆ ಸೇರಿದ್ದು 2020ರಲ್ಲಿ. 2021ರಲ್ಲಿ 3.5 ಆಗಬೇಕು ಅಂತ ಒಮ್ಮತದಿಂದ ಹೇಳಿತು, ಅಕ್ಟೋಬರಿನಲ್ಲಿ ಸಿಡಿಸಿ ಒಪ್ಪಿತು. ಆದರೆ 2025ರ ಏಪ್ರಿಲಿನಲ್ಲಿ ಸಿಡಿಸಿಯಲ್ಲಿ ಮಕ್ಕಳ ಸೀಸದ ಕೆಲಸ ನೋಡುತ್ತಿದ್ದ ತಂಡವನ್ನೇ ಕೆಲಸದಿಂದ ತೆಗೆದರು. ಅದೇ ಹೊತ್ತಿಗೆ ಮಿಲ್ವಾಕಿ ನಗರದ ಹಳೆಯ ಶಾಲೆಗಳಲ್ಲಿ ಸೀಸದ ಬಣ್ಣ ಉದುರಿ ಮಕ್ಕಳಿಗೆ ತೊಂದರೆಯಾಗಿತ್ತು. ನಗರದವರು ಸಹಾಯ ಕೇಳಿದ್ದರು. ಆಗುವುದಿಲ್ಲ ಅಂತ ಉತ್ತರ ಬಂತು. ಹೋಗಲು ಜನವೇ ಉಳಿದಿರಲಿಲ್ಲ.

ಇದೆಲ್ಲ ಅಮೆರಿಕದ ಕಥೆ, ನಮಗೇನು ಅಂತ ಕೇಳಬಹುದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ಏಳು ನಗರಗಳಲ್ಲಿ ಜನರ ರಕ್ತದ ಸೀಸ ಅಳೆಯಿಸಿತು. ಆ ಕೆಲಸದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್ ಅವರದ್ದು ದೊಡ್ಡ ಪಾತ್ರ. ಆಮೇಲೂ ವರ್ಷಗಟ್ಟಲೆ ಸೀಸದ ಬೆನ್ನು ಬಿಡದೆ ಓಡಾಡಿದವರು ಅವರು. ಆ ಸಮೀಕ್ಷೆಯಲ್ಲಿ ಪರೀಕ್ಷೆಯಾದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಸೀಸ 10 ಅಥವಾ ಅದಕ್ಕಿಂತ ಮೇಲಿತ್ತು. ಯಾವ ಹತ್ತು ಗೊತ್ತಾಯಿತಲ್ಲ? ಸಿಡಿಸಿ ಇರುವ ಅಟ್ಲಾಂಟಾದಲ್ಲಿ ಎಳೆದ ಗೆರೆಯಲ್ಲೇ ನಮ್ಮ ಮಕ್ಕಳನ್ನೂ ಎಣಿಸಿದ್ದು. ಅವತ್ತೇ 3.5ರಲ್ಲಿ ಎಣಿಸಿದ್ದರೆ ಎಷ್ಟು ಮಕ್ಕಳು ಬರುತ್ತಿದ್ದರು ಅಂತ ನೆನೆದರೆ ನಿದ್ದೆ ಬರುವುದಿಲ್ಲ.

2000ನೇ ಇಸವಿಯಲ್ಲಿ ನಮ್ಮ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಗೆ ಹೊಡೆಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಜಾಸ್ತಿ ಸೀಸ ಇರಬಾರದು ಅಂತ 2016ರಲ್ಲಿ ನಿಯಮ ಬಂತು, 2017ರ ನವೆಂಬರಿನಿಂದ ಜಾರಿಯಾಯಿತು. ಬಣ್ಣ ತರುವಾಗ ಡಬ್ಬಿಯ ಮೇಲೆ ಅದನ್ನು ಬರೆದಿದ್ದಾರಾ ನೋಡಿ. ಆದರೆ ಹಳೆಯ ಮನೆಯ, ಹಳೆಯ ಅಂಗನವಾಡಿಯ ಗೋಡೆಯ ಮೇಲಿರುವ ಬಣ್ಣ ಹಳೆಯದೇ. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಜಾಗದ ಮಣ್ಣೂ ಹಾಗೇ ಇದೆ. ನಮ್ಮ ತಾಯಿ ಕಾರ್ಡಿನಲ್ಲಿ ಮಗುವಿನ ತೂಕಕ್ಕೆ ಜಾಗ ಇದೆ, ಲಸಿಕೆಗೆ ಜಾಗ ಇದೆ, ಸೀಸಕ್ಕೆ ಇಲ್ಲ. ಅಮೆರಿಕದಲ್ಲಿ ಗೆರೆ ಎಲ್ಲಿ ಎಳೆಯಬೇಕು ಅಂತ ಜಗಳ ನಡೆಯಿತು. ನಮ್ಮಲ್ಲಿ ಬಹಳಷ್ಟು ಮಕ್ಕಳಿಗೆ ಅಳತೆಯೇ ಆಗಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಅಜ್ಜಿ ಕೇಳಿದರು: "ಅರಿಸಿನದಲ್ಲೂ ಸೀಸ ಇರುತ್ತಂತಲ್ಲಮ್ಮ, ನಿಜವಾ?" ನಿಜ. ಗಾಢ ಹಳದಿ ಬಣ್ಣ ಬರಲಿ ಅಂತ ಲೆಡ್ ಕ್ರೋಮೇಟ್ ಅನ್ನುವ ಪುಡಿ ಬೆರೆಸಿದ್ದನ್ನು ಬಾಂಗ್ಲಾದೇಶದಲ್ಲಿ ಪತ್ತೆ ಮಾಡಿದ್ದಾರೆ, ಭಾರತದಲ್ಲೂ ಕೆಲವು ಕಡೆ ಸಿಕ್ಕಿದೆ. ಕಣ್ಣು ಕುಕ್ಕುವ ಹಳದಿ ಇದ್ದರೆ ತರಬೇಡಿ. ಗೊತ್ತಿದ್ದವರ ಹತ್ತಿರ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿ. "ನಾವು ಮೊದಲಿಂದ ಹಾಗೇ ಮಾಡೋದು" ಅಂತ ಅಜ್ಜಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ನಿಮ್ಮ ಮಗ ಈಗ ಹೇಗಿದ್ದಾನೆ?"

ಚೆನ್ನಾಗಿದ್ದಾನೆ ಅಂದೆ. ಪಿಯುಸಿ ಓದುತ್ತಿದ್ದಾನೆ, ಕ್ರಿಕೆಟ್ ಹುಚ್ಚು. ಆ ಏಳು ಅವನಿಂದ ಏನಾದರೂ ಕಿತ್ತುಕೊಂಡಿತಾ ಅಂದರೆ ನನಗೆ ಗೊತ್ತಿಲ್ಲ. ಒಂದು ಮಗುವನ್ನು ನೋಡಿ ಅದನ್ನು ಯಾವ ಡಾಕ್ಟರೂ ಹೇಳಲಾರರು. ನೂರಾರು ಮಕ್ಕಳನ್ನು ಒಟ್ಟಿಗೆ ಅಳೆದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ರಾಚೆಸ್ಟರಿನ ಆ 172 ಮಕ್ಕಳ ರಕ್ತವನ್ನು ಐದು ವರ್ಷದಲ್ಲಿ ಏಳು ಸಲ ಅಳೆಯಬೇಕಿತ್ತು. ಪ್ರತಿ ಸಲವೂ ಮಗು ಅಳುತ್ತದೆ ಅಂತ ಗೊತ್ತಿದ್ದೂ ಆ ಅಮ್ಮಂದಿರು ಕರೆದುಕೊಂಡು ಬಂದರು. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ.